ಒಂದೇ ಪದ, ಹಲವು ಅರ್ಥ: ಎರಡು ಭಾಷೆಯ ಮನೆಯ ಮಕ್ಕಳಿಗೆ ಅಭ್ಯಾಸ ಹೇಗೆ?

ಕೊಯಮತ್ತೂರು: 'ಐದು : ಆರು :: ಒಂಬತ್ತು : ?' ಎಂದು ಕೇಳಿದರೆ ಎರಡನೇ ತರಗತಿಯ ಮಗುವೂ 'ಹತ್ತು' ಎಂದು ಥಟ್ಟನೆ ಹೇಳುತ್ತದೆ. ಅದೇ ಮಗುವಿಗೆ 'ದೀಪ : ಆರು :: ಬೆಂಕಿ : ?' ಎಂದು ಕೇಳಿ ನೋಡಿ. ಇಲ್ಲಿಯೂ ಉತ್ತರ 'ಹತ್ತು' ಎಂಬುದೇ. ದೀಪ ಆರುತ್ತದೆ, ಬೆಂಕಿ ಹತ್ತುತ್ತದೆ. ಆದರೆ ಮಗು ಈಗ ತಡವರಿಸುತ್ತದೆ. ಆರು ಎಂದರೆ ಐದರ ನಂತರದ ಸಂಖ್ಯೆ ಎಂದು ಅದರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ದೀಪಕ್ಕೂ ಆರಕ್ಕೂ ಏನು ಸಂಬಂಧ?

ಇನ್ನು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ಮಕ್ಕಳಿಗೆ ಮೂರನೆಯ ತೊಡಕೊಂದಿದೆ. ತಮಿಳಿನಲ್ಲಿ 'ಆರು' ಎಂದರೆ ಹೊಳೆ ಕೂಡ ಹೌದು. ನೊಯ್ಯಲ್ ಒಂದು ಆರು, ಅಮರಾವತಿ ಒಂದು ಆರು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಇರುವ ಮಗು ಇಷ್ಟೂ ಅರ್ಥಗಳನ್ನು ಒಂದೇ ತಲೆಯಲ್ಲಿ ಇಟ್ಟುಕೊಳ್ಳಬೇಕು.

ಇದು ತೊಂದರೆಯೇ, ಅನುಕೂಲವೇ? ಅನುಕೂಲ ಮಾಡಿಕೊಳ್ಳಬಹುದು. ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಪದ ಸಂಬಂಧ ಏಕೆ ಮುಖ್ಯ?

'ಮೊದಲೆರಡು ಪದಗಳಿಗಿರುವ ಸಂಬಂಧದಂತೆ ಮೂರನೆಯ ಪದಕ್ಕೆ ಸರಿಹೊಂದುವ ಪದ ಬರೆಯಿರಿ' ಎಂಬ ಪ್ರಶ್ನೆ ಕರ್ನಾಟಕದ ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯನ್ನು ಕಂಡವರಿಗೆಲ್ಲ ಪರಿಚಿತ. ತಮಿಳುನಾಡಿನ ಮಕ್ಕಳಿಗೂ ಇದು ತಪ್ಪಿದ್ದಲ್ಲ. ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆಯನ್ನು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿ ಮಕ್ಕಳು ಬರೆಯುತ್ತಾರೆ. ಅದರಲ್ಲಿ 90 ಪ್ರಶ್ನೆಗಳ ಮಾನಸಿಕ ಸಾಮರ್ಥ್ಯ ಪರೀಕ್ಷೆ ಒಂದು ಭಾಗ. ಪದ ಸಂಬಂಧದ ಪ್ರಶ್ನೆಗಳು ಬರುವುದು ಅಲ್ಲಿಯೇ. ಗೆದ್ದ ಮಗುವಿಗೆ 9ರಿಂದ 12ನೇ ತರಗತಿವರೆಗೆ ವೇತನ ಸಿಗುತ್ತದೆ. 2017ರಲ್ಲಿ ಅದನ್ನು ವರ್ಷಕ್ಕೆ 12,000 ರೂಪಾಯಿಗೆ ಏರಿಸಲಾಯಿತು. ಮಗ್ಗದ ಮನೆಗೆ, ಬನಿಯನ್ ಕಂಪನಿಗೆ ಹೋಗುವವರ ಮನೆಗೆ ಇದು ಸಣ್ಣ ದುಡ್ಡಲ್ಲ.

8ನೇ ತರಗತಿಗೆ ಬಂದಾಗ ಒಮ್ಮೆಲೇ ಕಲಿಯುವ ವಿದ್ಯೆ ಇದಲ್ಲ. ಮೂರನೇ, ನಾಲ್ಕನೇ ತರಗತಿಯಿಂದಲೇ ಆಟದ ಹಾಗೆ ರೂಢಿಯಾಗಬೇಕು.

ನಾನಾರ್ಥ ಎಂದರೇನು?

ಒಂದೇ ಪದಕ್ಕೆ ಹಲವು ಅರ್ಥಗಳಿದ್ದರೆ ಅದನ್ನು ನಾನಾರ್ಥ ಪದ ಎನ್ನುತ್ತೇವೆ. ನಮ್ಮ ಹಿರಿಯರಿಗೆ ಇದರ ಮೇಲೆ ಬಹಳ ಆಸಕ್ತಿ ಇತ್ತು. ಸುಮಾರು 1600ರಲ್ಲಿ ದೇವೋತ್ತಮ ಎಂಬ ಕವಿ 'ನಾನಾರ್ಥ ರತ್ನಾಕರ' ಎಂಬ ನಿಘಂಟನ್ನೇ ಪದ್ಯದಲ್ಲಿ ಬರೆದಿದ್ದಾನೆ.

ಆದರೆ ನಾನಾರ್ಥದಲ್ಲಿ ಎರಡು ಬಗೆ ಇದೆ. ಮಕ್ಕಳಿಗೆ ಹೇಳಿಕೊಡುವವರು ಇದನ್ನು ಮೊದಲು ತಿಳಿದಿರಬೇಕು.

ಒಂದನೆಯದು, ಒಂದೇ ಪದದ ಅರ್ಥ ಬೆಳೆದು ಕವಲೊಡೆದದ್ದು. 'ಕಣ್ಣು' ಮುಖದಲ್ಲಿದೆ, ತೆಂಗಿನಕಾಯಿಯಲ್ಲೂ ಇದೆ. 'ಕೇಳು' ಎಂದರೆ ಕಿವಿಗೊಡು, ಪ್ರಶ್ನಿಸು ಎಂದೂ ಹೌದು. ಈ ಅರ್ಥಗಳ ನಡುವೆ ನಂಟು ಕಾಣುತ್ತದೆ. ತಮಾಷೆ ಎಂದರೆ ತಮಿಳಿನ 'ಕೇಳ್' ಕೂಡ ಇದೇ ಎರಡು ಅರ್ಥ ಕೊಡುತ್ತದೆ. 'ಕಾಲು' ಎಂದರೆ ನಡೆಯುವ ಕಾಲು, ನಾಲ್ಕರಲ್ಲಿ ಒಂದು ಪಾಲು ಎಂಬುದೂ ಎರಡು ಭಾಷೆಗಳಲ್ಲಿ ಒಂದೇ.

ಎರಡನೆಯದು, ಬೇರೆ ಬೇರೆ ಪದಗಳು ಅಕಸ್ಮಾತ್ ಒಂದೇ ಉಚ್ಚಾರಕ್ಕೆ ಬಂದು ನಿಂತದ್ದು. 'ಬಾಳು' ಎಂದರೆ ಜೀವನ, 'ಬಾಳು' ಎಂದರೆ ಕತ್ತಿ. ಇವುಗಳಿಗೆ ರಕ್ತಸಂಬಂಧ ಇಲ್ಲ. ಒಂದೇ ಹೆಸರಿನ ಇಬ್ಬರು ಮಕ್ಕಳು ಒಂದೇ ತರಗತಿಯಲ್ಲಿ ಕೂತ ಹಾಗೆ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಇಂಥ ಪದಗಳಿಗೆ 1, 2, 3 ಎಂದು ಸಂಖ್ಯೆ ಹಾಕಿ ಬೇರೆ ಬೇರೆ ಕೊಟ್ಟಿರುವುದನ್ನು ನೋಡಬಹುದು. ಮಕ್ಕಳಿಗೆ ಹೆಚ್ಚು ಕಷ್ಟ ಕೊಡುವುದು ಈ ಎರಡನೆಯ ಬಗೆಯೇ.

ಕಳೆದುಹೋದ ಎರಡು ಅಕ್ಷರಗಳು

ಈ ಪದಗಳು ಒಂದೇ ಆದದ್ದು ಹೇಗೆ? ಬಹಳಷ್ಟು ಕಡೆ ಉತ್ತರ ನಮ್ಮ ಪಕ್ಕದ ತಮಿಳು ಬೋರ್ಡಿನಲ್ಲೇ ಇದೆ.

ಹಳಗನ್ನಡದಲ್ಲಿ ಎರಡು ಅಕ್ಷರಗಳು ಹೆಚ್ಚಿಗೆ ಇದ್ದವು. ಒಂದು ೞ, ಇನ್ನೊಂದು ಱ. ತಮಿಳಿನ 'ಪೞಂ', 'ಮೞೈ' ಎಂಬಲ್ಲಿ ನಾಲಿಗೆ ಒಳಕ್ಕೆ ಮಡಿಚಿ ಹೇಳುತ್ತಾರಲ್ಲ, ಅದೇ ೞ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞ ಇರುವ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಜನರಿಗೆ ಗೊಂದಲ ಶುರುವಾಗಿದ್ದರಿಂದಲೇ ಪಟ್ಟಿ ಬೇಕಾಯಿತು ಎಂದು ತಿಳಿಯಬಹುದು. ಮುಂದೆ ೞ ಹೋಗಿ ಳ ಜೊತೆ ಸೇರಿತು, ಱ ಹೋಗಿ ರ ಜೊತೆ ಸೇರಿತು. ಬೇರೆ ಬೇರೆ ಇದ್ದ ಪದಗಳು ಒಂದಾದವು. ತಮಿಳು ಮಾತ್ರ ಬರವಣಿಗೆಯಲ್ಲಿ ಎರಡನ್ನೂ ಉಳಿಸಿಕೊಂಡಿದೆ.

ಕೆಲವು ಉದಾಹರಣೆಗಳು:

ಬಾಳು (ಜೀವಿಸು) ತಮಿಳಿನಲ್ಲಿ ವಾೞ್. ಬಾಳು (ಕತ್ತಿ) ತಮಿಳಿನಲ್ಲಿ ವಾಳ್.

ಅರಿ (ತಿಳಿ) ತಮಿಳಿನಲ್ಲಿ ಅಱಿ. ಅರಿ (ಕತ್ತರಿಸು) ತಮಿಳಿನಲ್ಲಿ ಅರಿ.

ಕರೆ (ಹಾಲು ಹಿಂಡು) ತಮಿಳಿನಲ್ಲಿ ಕಱ. ಕರೆ (ಕೂಗು) ತಮಿಳಿನಲ್ಲಿ ಕರೈ. ಕಾಗೆ ಕೂಗುವುದಕ್ಕೆ ತಮಿಳರು ಇಂದಿಗೂ ಈ ಪದ ಬಳಸುತ್ತಾರೆ.

ನೇಯ್ಗೆಯವರ ಮನೆಯಲ್ಲಿ ದಿನಕ್ಕೆ ನೂರು ಸಲ ಕೇಳುವ 'ಎಳೆ' ಎಂಬ ಪದವನ್ನು ತೆಗೆದುಕೊಳ್ಳಿ. ದಾರದ ಎಳೆ ಒಂದು, ಹಗ್ಗ ಎಳೆ ಎನ್ನುವುದು ಇನ್ನೊಂದು, ಎಳೆ ಸೌತೆಕಾಯಿ ಮತ್ತೊಂದು. ಕನ್ನಡದಲ್ಲಿ ಮೂರೂ ಒಂದೇ. ತಮಿಳಿನಲ್ಲಿ ದಾರದ್ದು ಇೞೈ, ಎಳೆಯುವುದು ಇೞು, ಎಳೆಯದು ಇಳಂ. ಕನ್ನಡದ ಒಂದು ಗಂಟನ್ನು ತಮಿಳು ಬಿಡಿಸಿ ಮೂರು ಎಳೆ ಮಾಡಿ ತೋರಿಸುತ್ತದೆ.

ಇದರಿಂದ ತಮಿಳಿನಲ್ಲಿ ಗೊಂದಲವೇ ಇಲ್ಲ, ಕನ್ನಡದಲ್ಲೇ ಎಲ್ಲ ಗೊಂದಲ ಎಂದು ತಿಳಿಯಬೇಡಿ. ಕನ್ನಡದಲ್ಲಿ ಹಳೆಯ 'ಪ' ಅನೇಕ ಕಡೆ 'ಹ' ಆಯಿತು. ಆದ್ದರಿಂದ ನಮ್ಮಲ್ಲಿ ಕುಡಿಯುವುದು ಹಾಲು, ಹಂಚಿಕೊಳ್ಳುವುದು ಪಾಲು. ತಮಿಳಿನಲ್ಲಿ ಎರಡಕ್ಕೂ 'ಪಾಲ್' ಎಂಬ ಒಂದೇ ರೂಪ ಇದೆ. ನಮ್ಮಲ್ಲಿ ಬಾಯಲ್ಲಿ ಬರುವುದು ಹಾಡು, ಅನುಭವಿಸುವುದು ಪಾಡು. ತಮಿಳಿನಲ್ಲಿ ಎರಡೂ 'ಪಾಡು'. ಹೀಗೆ ಒಂದು ಭಾಷೆ ಕಟ್ಟಿದ ಗಂಟನ್ನು ಇನ್ನೊಂದು ಬಿಚ್ಚುತ್ತದೆ. ಎರಡೂ ಬಲ್ಲ ಮಗುವಿಗೆ ಎರಡು ಕೀಲಿಕೈ ಸಿಕ್ಕಂತೆ.

ಗಡಿ ದಾಟಿದರೆ ಅರ್ಥ ಬದಲು

ಎರಡು ಭಾಷೆಗಳ ನಡುವೆ ಉಚ್ಚಾರ ಒಂದೇ, ಅರ್ಥ ಬೇರೆ ಆಗಿರುವ ಪದಗಳೂ ಇವೆ. ಮಕ್ಕಳು ನಗುತ್ತಾ ಕಲಿಯುವುದು ಇವನ್ನೇ.

ಮಾಡು: ಕನ್ನಡದಲ್ಲಿ ಕೆಲಸ ಮಾಡು. ತಮಿಳಿನಲ್ಲಿ ದನ.

ತಂಗಿ: ಕನ್ನಡದಲ್ಲಿ ಒಡಹುಟ್ಟಿದವಳು. ತಮಿಳಿನಲ್ಲಿ 'ಉಳಿದುಕೊಂಡು' ಎಂದರ್ಥ.

ಅಡಿ: ಎರಡರಲ್ಲೂ ಅಳತೆಯ ಅಡಿ, ಕೆಳಗೆ ಎಂಬ ಅರ್ಥ ಉಂಟು. ತಮಿಳಿನಲ್ಲಿ ಹೊಡೆ ಎಂಬ ಅರ್ಥವೂ ಸೇರುತ್ತದೆ.

ಕಡೆ: ಕನ್ನಡದಲ್ಲಿ ದಿಕ್ಕು, ಕೊನೆ, ಮಜ್ಜಿಗೆ ಕಡೆಯುವುದು. ತಮಿಳಿನ 'ಕಡೈ'ಗೆ ಕೊನೆ, ಕಡೆಯುವುದು ಎಂಬ ಅರ್ಥಗಳ ಜೊತೆ ಅಂಗಡಿ ಎಂಬ ಅರ್ಥ.

ಕಾಡು: ಕನ್ನಡದಲ್ಲಿ ಅರಣ್ಯ, ಪೀಡಿಸು. ನಮ್ಮ ಕೊಂಗು ಸೀಮೆಯ ತಮಿಳಿನಲ್ಲಿ ಮಳೆಯಾಶ್ರಯದ ಹೊಲ. 'ಕಾಟ್ಟುಕ್ಕು ಪೋಯಿರುಕ್ಕಾರು' ಎಂದರೆ ಹೊಲಕ್ಕೆ ಹೋಗಿದ್ದಾರೆ ಎಂದೇ ಹೊರತು ಅರಣ್ಯಕ್ಕಲ್ಲ.

ತರಿ: ಕನ್ನಡದಲ್ಲಿ ಕತ್ತರಿಸು, ನೀರಾವರಿ ಜಮೀನು. ತಮಿಳಿನ 'ತಱಿ' ಎಂದರೆ ಮಗ್ಗ. ಸೋಮನೂರು, ಪಲ್ಲಡಂ ಕಡೆ ಹಗಲಿರುಳು ಓಡುವುದು 'ವಿಸೈತ್ತಱಿ', ಅಂದರೆ ವಿದ್ಯುತ್ ಮಗ್ಗ.

ನೂಲು: ಕನ್ನಡದಲ್ಲಿ ದಾರ, ದಾರ ತೆಗೆಯುವ ಕೆಲಸ. ತಮಿಳಿನ 'ನೂಲ್' ಎಂದರೆ ದಾರ, ಪುಸ್ತಕ ಎರಡೂ. 13ನೇ ಶತಮಾನದ ಪ್ರಸಿದ್ಧ ತಮಿಳು ವ್ಯಾಕರಣದ ಹೆಸರೇ 'ನನ್ನೂಲ್', ಒಳ್ಳೆಯ ಪುಸ್ತಕ ಎಂದು. ಗ್ರಂಥಾಲಯಕ್ಕೆ 'ನೂಲಗಂ' ಎನ್ನುತ್ತಾರೆ. ತಿರುಪ್ಪೂರಿನಲ್ಲಿ ನೂಲಿನ ಮೂಟೆಗಳ ನಡುವೆ ಬೆಳೆದ ಮಗು ನೂಲಗಂ ಎಂದರೆ ದಾರದ ಗೋಡೌನ್ ಎಂದುಕೊಂಡರೆ ಅದರ ತಪ್ಪಿಲ್ಲ. ದಾರಕ್ಕೂ ಪುಸ್ತಕಕ್ಕೂ ಏನು ನಂಟು ಎಂದು ಕೇಳಿದರೆ ಸಂಸ್ಕೃತದ 'ಸೂತ್ರ' ಪದವನ್ನು ನೆನಪಿಸಿ. ಅದೂ ದಾರವೇ, ಶಾಸ್ತ್ರವೂ ಹೌದು.

ಇದು ಮಕ್ಕಳ ಆಟ ಮಾತ್ರವಲ್ಲ. 'ಮನೆ' ಎಂದರೆ ನಮಗೆ ವಾಸದ ಮನೆ. ತಮಿಳು ಜಾಹೀರಾತಿನಲ್ಲಿ 'ಮನೈ ವಿಱ್ಪನೈಕ್ಕು' ಎಂದಿದ್ದರೆ ಅದು ಖಾಲಿ ಸೈಟು. ಪತ್ರಕ್ಕೆ ಸಹಿ ಹಾಕುವ ದೊಡ್ಡವರಿಗೂ ಈ ಪಾಠ ಬೇಕಾಗುತ್ತದೆ.

ಈ ಬೆರಕೆ ಎಲ್ಲಿಂದ ಬಂತು?

ನಮ್ಮ ಸೀಮೆಯಲ್ಲಿ ಎರಡು ಭಾಷೆ ಇಂದು ನಿನ್ನೆಯದಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿಯುವವರೆಗೆ ಕೊಯಮತ್ತೂರು ಮೈಸೂರಿನ ಆಳ್ವಿಕೆಯಲ್ಲಿತ್ತು. ಬಳಿಕ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದು, ರಾಜ್ಯ ಪುನರ್ವಿಂಗಡಣೆಯಾದಾಗ ಮೈಸೂರಿಗೆ ಹೋಯಿತು. ಸತ್ಯಮಂಗಲ, ತಾಳವಾಡಿ ಕಡೆ 1979ರಲ್ಲಿ ಈರೋಡ್ ಭಾಗಕ್ಕೆ ಹೊಸ ಜಿಲ್ಲೆಯಾದಾಗ ಬೇರೆಯಾದವು. ತಿರುಪ್ಪೂರು ಜಿಲ್ಲೆ ಆದದ್ದು 2009ರಲ್ಲಿ. ಗೆರೆಗಳು ಬದಲಾದವು, ದೇವಾಂಗರ ಮಗ್ಗದ ಮನೆಗಳಲ್ಲಿ, ಒಕ್ಕಲಿಗರ ತೋಟದ ಮನೆಗಳಲ್ಲಿ ಕನ್ನಡ ಮಾತು ಉಳಿಯಿತು.

ತಾಳವಾಡಿ, ಹೊಸೂರು ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ. ನಮ್ಮ ಎರಡು ಜಿಲ್ಲೆಗಳಲ್ಲಿ ಕನ್ನಡದ ಮನೆಯ ಹೆಚ್ಚಿನ ಮಕ್ಕಳು ಓದುವುದು ತಮಿಳು ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ. ತಮಿಳುನಾಡಿನ ತಮಿಳು ಕಲಿಕೆ ಕಾಯ್ದೆ 2006ರಲ್ಲಿ ಬಂದು, ಆ ವರ್ಷ ಒಂದನೇ ತರಗತಿಯಿಂದ ಆರಂಭವಾಗಿ ವರ್ಷಕ್ಕೊಂದು ತರಗತಿಯಂತೆ ಮೇಲೇರಿ 2015-16ರಲ್ಲಿ 10ನೇ ತರಗತಿ ತಲುಪಿತು. ತಮಿಳು ಕಲಿಯುವುದು ನಮ್ಮ ಮಕ್ಕಳಿಗೆ ಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ.

ಕಷ್ಟ ಇರುವುದು ಬೇರೆ ಕಡೆ. ಮಗು ತಮಿಳಿನಲ್ಲಿ ಒಂದೆರಡು ಕಾಗುಣಿತ ತಪ್ಪು ಮಾಡಿದ ಕೂಡಲೇ 'ಮನೆಯಲ್ಲಿ ಕನ್ನಡ ಮಾತಾಡುವುದರಿಂದ ಹೀಗಾಗಿದೆ, ನಿಲ್ಲಿಸಿಬಿಡಿ' ಎಂದು ಹೇಳುವವರಿದ್ದಾರೆ. ತಾಯ್ತಂದೆಯರೂ ಹೆದರಿ ನಿಲ್ಲಿಸುತ್ತಾರೆ. ಅಜ್ಜಿ ಒಂದು ಭಾಷೆ, ಮೊಮ್ಮಗು ಒಂದು ಭಾಷೆ ಆಗುವುದು ಹೀಗೆಯೇ.

ಈ ಮಾತು ಎಷ್ಟು ಸರಿ? ಲ-ಳ-ೞ, ರ-ಱ, ನ-ಣ ವ್ಯತ್ಯಾಸಕ್ಕೆ ತಮಿಳು ಪಾಠದಲ್ಲೇ 'ಮಯಂಗೊಲಿಗಳ್' ಎಂಬ ಪ್ರತ್ಯೇಕ ಅಭ್ಯಾಸ ಇದೆ. ಮನೆಯಲ್ಲಿ ತಮಿಳು ಮಾತ್ರ ಆಡುವ ಮಕ್ಕಳೂ ಅಲ್ಲಿ ತಪ್ಪುತ್ತಾರೆ ಎಂಬುದಕ್ಕೆ ಆ ಪಾಠವೇ ಸಾಕ್ಷಿ. ಮಾತಿನ ಓಟದಲ್ಲಿ ಅನೇಕ ತಮಿಳರು ೞ ಬದಲು ಳ ಎಂದೇ ಹೇಳುತ್ತಾರೆ. ಱ-ರ ವ್ಯತ್ಯಾಸವಂತೂ ಆಡುಮಾತಿನಲ್ಲಿ ಹೆಚ್ಚು ಕಡೆ ಕೇಳಿಸುವುದಿಲ್ಲ. ಹಾಗಿದ್ದ ಮೇಲೆ ತಪ್ಪನ್ನೆಲ್ಲ ಕನ್ನಡದ ಮೇಲೆ ಹೊರಿಸುವುದು ನ್ಯಾಯವಲ್ಲ.

ಬದಲಿಗೆ ಕನ್ನಡ ನೆರವಿಗೇ ಬರುತ್ತದೆ. 'ಹಲ್ಲಿ' ಮತ್ತು 'ಹಳ್ಳಿ'ಯನ್ನು ಬೇರೆ ಮಾಡಿ ಹೇಳಬಲ್ಲ ಮಗುವಿಗೆ ತಮಿಳಿನ 'ಪಲ್ಲಿ', 'ಪಳ್ಳಿ' ಬರೆಯುವಾಗ ಲ ಎಲ್ಲಿ, ಳ ಎಲ್ಲಿ ಎಂಬ ಅನುಮಾನ ಬಾರದು. ತಮಿಳು ಲಿಪಿಯಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. 'ಪಾವಂ' (ಪಾಪ), 'ಬಾವಂ' (ಭಾವ) ಒಂದೇ ರೀತಿ ಬರೆಯುತ್ತಾರೆ. ಪಾಪ, ಭಾವ ಎಂದು ಕನ್ನಡದಲ್ಲಿ ಕೇಳಿ ಬಲ್ಲ ಮಗು ವಾಕ್ಯ ನೋಡಿ ಸರಿಯಾಗಿ ಓದುತ್ತದೆ.

ಮನೆಯಲ್ಲಿ ಮಾಡಿಸುವ ವಿಧಾನ

ಮೊದಲ ಹೆಜ್ಜೆ, ಪದಕ್ಕೆ ವಾಕ್ಯ. 'ಏಳು' ಎಂದು ಬರೆದು ಎರಡು ವಾಕ್ಯ ಹೇಳಿಸಿ: ವಾರಕ್ಕೆ ಏಳು ದಿನ. ಬೆಳಗಾಯಿತು, ಏಳು. ಪದದ ಅರ್ಥ ಪಕ್ಕದ ಪದ ನೋಡಿ ಗೊತ್ತಾಗುತ್ತದೆ ಎಂಬುದು ಮಗುವಿಗೆ ತಿಳಿಯಬೇಕು.

ಎರಡನೇ ಹೆಜ್ಜೆ, ತಮಿಳಿನಲ್ಲಿ ಕೇಳುವುದು. 'ವಾರದ ಏಳಿಗೆ ತಮಿಳಿನಲ್ಲಿ ಏನು? ಎದ್ದೇಳು ಎಂಬುದಕ್ಕೆ ಏನು?' ಮೊದಲನೆಯದು ಏೞು, ಎರಡನೆಯದು ಎೞು. ಇಲ್ಲಿ ಅಕ್ಷರ ಒಂದೇ, ದೀರ್ಘ-ಹ್ರಸ್ವದಲ್ಲಿ ವ್ಯತ್ಯಾಸ. ತಮಿಳಿನಲ್ಲಿ ಎರಡು ರೂಪ ಬಂದರೆ ಕನ್ನಡದಲ್ಲಿ ಎರಡು ಪದ ಸೇರಿರಬಹುದು ಎಂದು ಮಗು ಊಹಿಸಲು ಕಲಿಯುತ್ತದೆ.

ಮೂರನೇ ಹೆಜ್ಜೆ, ಸಂಬಂಧವನ್ನು ಬಾಯಲ್ಲಿ ಹೇಳಿಸುವುದು. ಉತ್ತರ ಹೇಳುವ ಮೊದಲು 'ಇವೆರಡಕ್ಕೂ ಏನು ಸಂಬಂಧ?' ಎಂದು ಕೇಳಿ. 'ಒಂದಾದ ಮೇಲೆ ಒಂದು', 'ವಿರುದ್ಧ', 'ಇದರ ಭಾಗ ಅದು', 'ಇದಕ್ಕೆ ಮಾಡುವ ಕೆಲಸ ಅದು' ಎಂದು ಮಗು ತನ್ನ ಮಾತಿನಲ್ಲಿ ಹೇಳಲಿ. ಸಂಬಂಧ ಹೇಳಲು ಬಂದರೆ ಉತ್ತರ ತಾನಾಗಿ ಬರುತ್ತದೆ.

ಅಭ್ಯಾಸಕ್ಕೆ ಹತ್ತು ಪ್ರಶ್ನೆ:

1. ಮೂರು : ನಾಲ್ಕು :: ಆರು : ?
2. ಕೂರು : ನಿಲ್ಲು :: ಮಲಗು : ?
3. ಇಳಿ : ಹತ್ತು :: ತಳ್ಳು : ?
4. ಗೋಡೆ : ಇಟ್ಟಿಗೆ :: ಸೀರೆ : ?
5. ಒಣ : ಹಸಿ :: ಬಲಿತ : ?
6. ಹಗ್ಗ : ಎಳೆ :: ಹಸು : ?
7. ಒಂದು : ಅರ್ಧ :: ಅರ್ಧ : ?
8. ಅಂಗೈ : ಕೈ :: ಹಿಮ್ಮಡಿ : ?
9. ಹೂ : ಪೂ :: ಹುಲಿ : ?
10. ಅಂಗಡಿ : ಕಡೈ :: ದನ : ?

ಉತ್ತರ: 1 ಮತ್ತು 2 ಏಳು, 3, 4, 5 ಎಳೆ, 6 ಕರೆ, 7 ಮತ್ತು 8 ಕಾಲು, 9 ಪುಲಿ, 10 ಮಾಡು.

ಒಂದೇ ಉತ್ತರ ಮತ್ತೆ ಮತ್ತೆ ಬರುವುದನ್ನು ಕಂಡು ಮಗು 'ಆಗಲೇ ಬರೆದೆನಲ್ಲ' ಎನ್ನುತ್ತದೆ. ಬರಲಿ. ಪದ ಒಂದೇ, ಸಂಬಂಧ ಬೇರೆ ಎಂಬುದು ಮನಸ್ಸಿಗೆ ಇಳಿಯುವುದು ಆಗಲೇ.

ಒಂದು ಎಚ್ಚರಿಕೆ. 9ನೇ ಪ್ರಶ್ನೆಯಂತೆ 'ಹ' ತೆಗೆದು 'ಪ' ಹಾಕುವ ಸೂತ್ರ ಸಿಕ್ಕ ಮೇಲೆ ಮಕ್ಕಳು ಎಲ್ಲದಕ್ಕೂ ಅದನ್ನೇ ಹಾಕಲು ಹೊರಡುತ್ತಾರೆ. 'ಹಲ್ಲಿ : ಪಲ್ಲಿ :: ಹಳ್ಳಿ : ?' ಎಂದರೆ 'ಪಳ್ಳಿ' ಎನ್ನುತ್ತಾರೆ. ಉಚ್ಚಾರ ಸರಿ, ಅರ್ಥ ಬೇರೆ. ಇಂದಿನ ತಮಿಳಿನಲ್ಲಿ ಪಳ್ಳಿ ಎಂದರೆ ಶಾಲೆ. ಎರಡೂ ಮೂಲದಲ್ಲಿ ಒಂದೇ ಪದ. ಸಣ್ಣ ಊರು ಎಂಬ ಅರ್ಥ ಹಳೆಯ ತಮಿಳಿನಲ್ಲೂ ಇತ್ತು. ಕಾಲಕ್ರಮದಲ್ಲಿ ಒಂದು ಊರಾಗಿ ಉಳಿಯಿತು, ಇನ್ನೊಂದು ಶಾಲೆಯಾಯಿತು. ಆದ್ದರಿಂದ ಉಚ್ಚಾರದ ಸೂತ್ರ ಹಾಕಿದ ಮೇಲೆ ಅರ್ಥವನ್ನು ಮತ್ತೊಮ್ಮೆ ನೋಡುವುದನ್ನು ಕಲಿಸಬೇಕು.

ಶಿಕ್ಷಕರು, ಕಾಲೇಜು ಓದುವ ಅಕ್ಕ-ಅಣ್ಣಂದಿರು ಇನ್ನೂ ಪದಗಳನ್ನು ಹುಡುಕಬೇಕೆಂದರೆ ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು ತಯಾರಿಸಿದ ದ್ರಾವಿಡ ಭಾಷೆಗಳ ಜ್ಞಾತಿಪದ ಕೋಶ ಇದೆ. 1961ರಲ್ಲಿ ಮೊದಲು ಬಂದು 1984ರಲ್ಲಿ ಪರಿಷ್ಕೃತವಾದ ಈ ಕೋಶದಲ್ಲಿ ಕನ್ನಡ, ತಮಿಳು ಪದಗಳನ್ನು ಅಕ್ಕಪಕ್ಕ ಕೊಟ್ಟಿದ್ದಾರೆ. ಶಿಕಾಗೊ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು.

ಆದರೆ ಮನೆಯ ಅಭ್ಯಾಸಕ್ಕೆ ಕೋಶವೇ ಬೇಕೆಂದಿಲ್ಲ. ಎರಡು ರೂಪಾಯಿಯ ಪೆನ್ಸಿಲ್, ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆ ಸಾಕು. ನಡುವೆ ಗೆರೆ ಎಳೆದು ಒಂದು ಕಡೆ ಕನ್ನಡ, ಒಂದು ಕಡೆ ತಮಿಳು ಬರೆಸಿ. ಕನ್ನಡ ಅಕ್ಷರ ಬಾರದ ಮಗು ತಮಿಳು ಅಕ್ಷರದಲ್ಲೇ ಬರೆಯಲಿ, ಬಾಯಲ್ಲಿ ಕನ್ನಡ ಹೇಳಲಿ. ದಿನಕ್ಕೆ ಎರಡು ಪದವಾದರೆ ವರ್ಷಕ್ಕೆ ಏಳುನೂರು ದಾಟುತ್ತದೆ. ಪದ ಕೊಡುವ ಕೆಲಸವನ್ನು ಮನೆಯ ಹಿರಿಯರಿಗೆ ಬಿಡಿ. ಶಾಲೆಯ ಪಾಠದಲ್ಲಿ ತಮಗೆ ಪಾತ್ರವಿಲ್ಲ ಎಂದುಕೊಂಡಿರುವ ಅಜ್ಜ-ಅಜ್ಜಿಯರ ಬಾಯಲ್ಲಿ ನಮ್ಮ ಪುಸ್ತಕಗಳಲ್ಲಿ ಸಿಗದ ಪದಗಳಿವೆ. ಅವರು ಇರುವಾಗಲೇ ಬರೆದುಕೊಂಡರೆ ಮಗುವಿಗೆ ಅಂಕವೂ ಬರುತ್ತದೆ, ಮನೆಗೆ ಮಾತೂ ಉಳಿಯುತ್ತದೆ.